ಮೊದಲು ಯಾರು ಕೇಳಬೇಕು?

ಆಜರೆಯ ಘನಸಾಳ ಅಕ್ಕಿಗೆ ಪರಿಮಳವಿದೆ, ಭೌಗೋಳಿಕ ಗುರುತಿನ ಮುದ್ರೆಯೂ ಇದೆ. ಅದೇ ಆಜರೆಯ ನನಗಿರುವುದು ‘ಕಂಪ್ಯೂಟರ್ ತಿಳಿದವ’ ಎಂಬ ಅಪವಾದ ಮಾತ್ರ. ಹೀಗಾಗಿ ಇಚಲಕರಂಜಿಯಲ್ಲಿ ನೂಲು ಪರೀಕ್ಷೆಯ ಕೋಣೆ ಇಟ್ಟಿರುವ ಕಾಕಾ ಫೋನು ಮಾಡಿದರೆ ಬಸ್ಸು ಹತ್ತಲೇಬೇಕು.

1904ರಲ್ಲಿ ವಿಠ್ಠಲರಾವ್ ದಾತಾರರು ಮೊದಲ ಪವರ್‌ಲೂಮ್ ಹೂಡಿದ ಊರದು. ಅಲ್ಲಿ ಯಂತ್ರಗಳು ಸಾಯುವುದಿಲ್ಲ, ಮಾಲೀಕರು ಸಾಯುತ್ತಾರೆ. ಕಾಕಾನ ಕಂಪ್ಯೂಟರೂ ಅದೇ ಜಾತಿಯದು. ಅದರ ಬೆನ್ನಿಗೆ ಒಂಬತ್ತು ಮೊಳೆಯ ಸೀರಿಯಲ್ ಪೋರ್ಟು, ಹೊಟ್ಟೆಯಲ್ಲಿ ಡಾಸ್. ನೂಲಿನ ಪ್ರಮಾಣಪತ್ರ ಛಾಪಿಸುವ ಪ್ರೋಗ್ರಾಮು ಅದರಲ್ಲಿ ಬಿಟ್ಟರೆ ಇನ್ನೆಲ್ಲೂ ಓಡದು. ಅದನ್ನು ಬರೆದ ಹುಡುಗ ಈಗ ಪುಣೆಯಲ್ಲಿ ಫ್ಲಾಟು ಮಾರುತ್ತಾನೆ. ಎಳೆಯ ಬಲ ಅಳೆಯಲು ಕಾಕಾ ಹೊಸದಾಗಿ ತಂದ ಯಂತ್ರಕ್ಕೋ, ಯುಎಸ್‌ಬಿ ಬಿಟ್ಟರೆ ಬೇರೆ ಬಾಯಿಯೇ ಇಲ್ಲ.

ಇವೆರಡನ್ನೂ ಕೂಡಿಸಲು ಕೊಲ್ಹಾಪುರದ ಒಂದು ಅಂಗಡಿಗೆ ಹೋದೆ. “ನಕ್ಕಿ ಕೂಡ್ತೈತ್ರಿ ಸಾಹೇಬ್ರ” ಎಂದು ಅಂಗಡಿಯವ ಒಂದು ವೈರು ಕೊಟ್ಟ. ಡಬ್ಬಿಯ ಮೇಲೆ ‘ಕನ್ವರ್ಟರ್’ ಎಂದಿತ್ತು. ವೈರಿನ ಮೂತಿ ಚಪ್ಪಟೆ, ಯಂತ್ರದ ತೂತು ಚೌಕ ಎಂದೆ. “ಅದಕ್ಕೂ ಜೋಡಣಿ ಐತ್ರಿ.” ಅವನು ಸುಳ್ಳು ಹೇಳಲಿಲ್ಲ. ಎಲ್ಲವೂ ಕೂಡಿತು. ಜಾತಕ ಕೂಡಿದ ಮದುವೆಯ ಹಾಗೆ, ಮಾತು ಮಾತ್ರ ಆಡಲಿಲ್ಲ. ವೈರಿನ ಪುಟ್ಟ ದೀಪ ಕೂಡ ಹತ್ತಲಿಲ್ಲ.

ಕಾರಣ ಸಣ್ಣದು, ಸರಕಾರಿ ಸ್ವರೂಪದ್ದು. ಸೀರಿಯಲ್ ಪೋರ್ಟು ಪಾಲಿಸುವ 1960ರ ಆರ್‌ಎಸ್-232 ಹಳೆಯ ಗೌಡರ ಕಟ್ಟೆ: ವೇಗ 9600 ಎಂದು ಮೊದಲೇ ಮಾತಾಗಿದ್ದರೆ ಸಾಕು, ಯಾರು ಬೇಕಾದರೂ ಬಾಯಿ ತೆಗೆಯಬಹುದು. (ಅಲ್ಲಿ ಮೈನಸ್ ವೋಲ್ಟು ಎಂದರೆ ಒಂದು, ಪ್ಲಸ್ ಎಂದರೆ ಸೊನ್ನೆ. ನಮ್ಮ ಸಹಕಾರಿ ಸಂಘಗಳ ಲೆಕ್ಕ ಓದಿದವರಿಗೆ ಇದು ಹೊಸದೇನಲ್ಲ.) 1996ರ ಯುಎಸ್‌ಬಿ ಬಂದದ್ದೇ ಜಮೀನುದಾರಿಯಾಗಿ. ಒಬ್ಬನೇ ಒಡೆಯ, ಉಳಿದವರೆಲ್ಲ ಆಳುಗಳು. ಐದು ವೋಲ್ಟಿನ ಕೂಳು ಹಾಕುವವನೂ ಒಡೆಯನೇ. ಅವನು ಕೇಳುವ ತನಕ ಆಳು ತುಟಿ ಬಿಚ್ಚುವಂತಿಲ್ಲ. ಕಾಕಾನ ಯಂತ್ರ ಒಂದು ಆಳು. ನಾನು ತಂದ ವೈರಿನ ಯುಎಸ್‌ಬಿ ತುದಿಯೂ ಆಳೇ. ಅದು ಹುಟ್ಟಿದ್ದು ಹೊಸ ಕಂಪ್ಯೂಟರಿಗೆ ಹಳೆಯ ಯಂತ್ರ ಕಟ್ಟಲಿಕ್ಕೆ. ತಿರುಗಾಮುರುಗಾ ಮಾಡಿದರೆ ಇಬ್ಬರು ಗುಮಾಸ್ತರು ಎದುರೆದುರು ಕೂತು ‘ಮೇಲಿನಿಂದ ಆದೇಶ ಬರಲಿ’ ಎಂದು ಕಾಯುತ್ತಾರೆ. ಇಬ್ಬರೂ ನಿಯಮ ಮುರಿದಿಲ್ಲ. ಕೆಲಸವೂ ಆಗಿಲ್ಲ.

ಗಡಹಿಂಗ್ಲಜದ ಸಂತೆಯಲ್ಲಿ ಮರಾಠಿಯಲ್ಲಿ ಶುರುವಾದ ಚೌಕಾಶಿ ಕನ್ನಡದಲ್ಲಿ ಮುಗಿಯುತ್ತದೆ, ಯಾವ ಡ್ರೈವರೂ ಬೇಕಿಲ್ಲ. ಆದರೆ ಭಾಷೆ ಯಾವುದು ಎಂಬ ಜಗಳ ಇಲ್ಲಿರಲೇ ಇಲ್ಲವಲ್ಲ. ಮೊದಲು ಯಾರು ಕೇಳಬೇಕು ಎಂಬುದೇ ತಕರಾರು.

ಕೊನೆಗೆ ಅಂಗೈಯಗಲದ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರು ತಂದು ನಡುವೆ ಕೂರಿಸಿದೆ. ಅದು ಯಂತ್ರದ ಕಡೆ ತಿರುಗಿ ಒಡೆಯನ ಗತ್ತಿನಲ್ಲಿ ಕೇಳುತ್ತದೆ. ಕೊಲ್ಹಾಪುರದ ವೈರು ಅದಕ್ಕೆ ಸಿಕ್ಕಿಸಿದ ಕೂಡಲೇ ದೀಪ ಹತ್ತಿಸಿಕೊಂಡಿತು, ಆಳಿಗೆ ಒಡೆಯ ಸಿಕ್ಕಿದ್ದ. ಆ ವೈರಿನಲ್ಲೇ ಪೈ ಹಳೆಯ ಕಂಪ್ಯೂಟರಿಗೆ ಗೌಡರ ಭಾಷೆಯಲ್ಲಿ ವರದಿ ಒಪ್ಪಿಸುತ್ತದೆ. ಎರಡು ದಿನ ಪ್ರೋಗ್ರಾಮು ಬರೆದು ಇಷ್ಟನ್ನು ಸಾಧಿಸಿದೆ.

“ಅಂದ್ರ ನಡುವ ಏಜೆಂಟನ್ನ ಇಟ್ಟಿ ಅನ್ನು” ಎಂದ ಕಾಕಾ. “ಮೊದಲ ಹೇಳಿದ್ರ ಬಜಾರದಾಗ ಬೇಕಾದಷ್ಟು ಮಂದಿ ಇದ್ರಲ್ಲೋ ತಮ್ಮಾ.”

ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು ಕಿರಿಚಿಕೊಂಡು ಮೊದಲ ಪ್ರಮಾಣಪತ್ರ ಹೆತ್ತಿತು. ಎಳೆಯ ಬಲ ಸರಿಯಾಗಿತ್ತು. ದಿನಾಂಕ ಮಾತ್ರ 1980 ಜನವರಿ 1. ಒಳಗಿನ ಬ್ಯಾಟರಿ ಯಾವಾಗಲೋ ತೀರಿಕೊಂಡಿತ್ತು. ಅಯ್ಯೋ ಎಂದೆ. ಗಿರಾಕಿ ಕಾಗದ ಕಸಿದುಕೊಂಡು ಕೆಳಗೆ ಸಿಕ್ಕಾ ಬಿದ್ದಿದೆಯೇ ಎಂದಷ್ಟೇ ನೋಡಿ, ಮಡಚಿ ಜೇಬಿಗಿಟ್ಟುಕೊಂಡು ಹೋದ.