ಮುತ್ಯಾ, ನಾಲ್ಕು ಹೊಡೆತ, ಒಂದು ಅಳಿಲು

ಅಪ್ಪ ಹೀಥ್ರೂದಲ್ಲಿ ಇಳಿದಾಗ ಅವರ ಸೂಟ್‌ಕೇಸಿನೊಳಗೆ ಒಂದು ಕಲ್ಲಿತ್ತು. ಸಾಲಿಗ್ರಾಮವಲ್ಲ, ಉಂಗುರಕ್ಕೆ ಕೂಡಿಸುವ ಹರಳೂ ಅಲ್ಲ. ಅಪ್ಪಟ ಶಹಾಬಾದ ಫರಸಿ. ಒಂದಡಿ ಉದ್ದ, ಒಂದಡಿ ಅಗಲ, ಆರು ಕಿಲೋ ಚಿಲ್ಲರೆ ತೂಕ. ವಿಮಾನದವರು ಕೊಟ್ಟದ್ದೇ 23 ಕಿಲೋ. ಅದರಲ್ಲಿ ಕಾಲು ಭಾಗ ಕಲ್ಲೇ ನುಂಗಿತ್ತು. ಉಳಿದದ್ದು ಕಟಕ ರೊಟ್ಟಿ, ಶೇಂಗಾ ಹಿಂಡಿ, ತೊಗರಿ ಬೇಳೆ. ಎರಡು ಜೊತೆ ಬಟ್ಟೆಯೂ ಇತ್ತು. ಅದು ತೊಡಲಿಕ್ಕಲ್ಲ, ಕಲ್ಲಿಗೆ ಸುತ್ತಲಿಕ್ಕೆ.

“ರೊಟ್ಟಿ ಬಡೀಲಕ್ಕ ಕಲ್ಲು ಬ್ಯಾಡೇನು?” ಅಂದರು.

ರೆಡಿಂಗಿನ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವವರು ಯಾರೂ ಇಲ್ಲ. ನನ್ನ ಹೆಂಡತಿ ಮೈಸೂರು ಕಡೆಯವಳು. ಅವಳಿಗೆ ರೊಟ್ಟಿ ಎಂದರೆ ಅಕ್ಕಿಯದು, ಅದನ್ನು ತಟ್ಟುತ್ತಾರೆ. ‘ಬಡಿಯುವುದು’ ಎಂಬ ಕ್ರಿಯಾಪದ ಅಡುಗೆಮನೆಗೂ ಸೇರಿದ್ದೆಂದು ಒಪ್ಪಿಕೊಳ್ಳಲು ಅವಳಿಗೆ ಮೂರು ವರ್ಷ ಹಿಡಿಯಿತು. ಕಲ್ಲು ಸೋಫಾದ ಪಕ್ಕ ಕೂತಿತು. ಅಪ್ಪ ಅದರ ಮೇಲೆ ಕೂತರು.

ಅಲ್ಲಿಂದ ನೋಡಿದರೆ ಎದುರಿಗೆ ಮೊಮ್ಮಗ ಕಾಣುತ್ತಾನೆ. ಹತ್ತು ವರ್ಷ, ಕೈಯಲ್ಲಿ ಗೇಮು, ಹಣೆಯಲ್ಲಿ ಗಂಟು.

“ಏನ್ ಮಾಡ್ಲತ್ತಿ?”

“ಮೂವ್ಸ್ ಚೂಸ್ ಮಾಡ್ತಿದೀನಿ ಮುತ್ಯಾ.”

ಇದು ಪೋಕೆಮಾನ್ ಪುರಾಣ. 1996ರಲ್ಲಿ ಜಪಾನಿನಲ್ಲಿ ಹುಟ್ಟಿದ್ದು. ನಮ್ಮ ಮನೆಗೆ ಬಂದ ಅವತಾರದ ಹೆಸರು ಸ್ಕಾರ್ಲೆಟ್. ನೂರಾರು ಪ್ರಾಣಿಗಳಲ್ಲಿ ಆರನ್ನು ಆರಿಸಿ ಪಡೆ ಕಟ್ಟಬೇಕು. ಪ್ರತಿ ಆಟಕ್ಕೆ ಆರರಲ್ಲಿ ನಾಲ್ಕನ್ನು ಇಳಿಸಬೇಕು, ಅಖಾಡದಲ್ಲಿ ಒಮ್ಮೆಗೆ ಎರಡು. ಇಷ್ಟಾದರೆ ನಮ್ಮಂಥವರಿಗೂ ತಿಳಿಯುತ್ತದೆ. ವಾಡಿ ಸ್ಟೇಷನ್ನಿನಲ್ಲಿ ರೈಲು ಕಾಯುತ್ತಾ ಕುಸ್ತಿಪಟುಗಳ ಟ್ರಂಪ್ ಕಾರ್ಡು ಆಡಿದವರು ನಾವು. ಆದರೆ ಒಂದು ಕೊಕ್ಕೆ ಇದೆ. ಹೊಡೆತಗಳು ನೂರಾರು ಇವೆ, ಒಂದೊಂದು ಪ್ರಾಣಿ ಹತ್ತಾರು ಕಲಿಯಬಲ್ಲದು, ಆದರೆ ನೆನಪಿಟ್ಟುಕೊಳ್ಳುವುದು ನಾಲ್ಕೇ. ಐದನೆಯದು ಕಲಿಯಬೇಕೆಂದರೆ ಒಂದನ್ನು ಮರೆಯಬೇಕು. ಈ ನಾಲ್ಕನ್ನು ಆರಿಸುವುದರಲ್ಲೇ ಆಟದ ಮುಕ್ಕಾಲು ಪಾಲು ಮುಗಿಯುತ್ತದಂತೆ. ಪೇಟೆಯ ಅಂಗಡಿಯೊಂದರಲ್ಲಿ ಮುಂದಿನ ತಿಂಗಳು ಮಕ್ಕಳ ಪಂದ್ಯವಿತ್ತು. ಮನೆಯಲ್ಲಿ ನಿದ್ದೆ ಇರಲಿಲ್ಲ.

ನಾನು ಕೈಚೆಲ್ಲಿದ್ದೆ. ಅಪ್ಪ ಕಲ್ಲಿನಿಂದ ಏಳದೆ ಕೇಳಿದರು, “ನಿನ್ನ ಪೈಲ್ವಾನಂದು ತೋರ್ಸು.”

ಮಗ ತೋರಿಸಿದ. ಗಾರ್ಚೊಂಪ್ ಎಂಬ ನೆಲದ ಜಾತಿಯ ಡ್ರ್ಯಾಗನ್ನು. ನಾಲ್ಕು ಹೊಡೆತ: ಅರ್ಥ್‌ಕ್ವೇಕ್ ಬಲ 100, ಔಟ್‌ರೇಜ್ 120, ಸ್ಟೋನ್ ಎಡ್ಜ್ 100, ಫೈರ್ ಬ್ಲಾಸ್ಟ್ 110. ನೂರಕ್ಕೆ ಕಡಿಮೆ ಯಾವುದೂ ಇಲ್ಲ. ಮದುವೆ ಪಟ್ಟಿಯಲ್ಲಿ ಬರೀ ಹೋಳಿಗೆ ಬರೆದಂತೆ.

“ಈ ಕಲ್ಲಿನ ಹೊಡತದ ಬಾಜೂಕ 80 ಅಂತ ಬರ್ದಾರಲ್ಲ, ಅದೇನು?”

“ಅದು ಆಕ್ಯುರಸಿ. ನೂರಕ್ಕೆ ಎಂಬತ್ತು ಸಲ ತಗಲತ್ತೆ.”

ಅಪ್ಪ ಕೂತಿದ್ದ ಫರಸಿಯನ್ನು ಒಮ್ಮೆ ಸವರಿದರು. ಶಹಾಬಾದಿನ ಗಣಿಯಲ್ಲಿ ಮೂವತ್ತು ವರ್ಷ ಮೇಸ್ತ್ರಿಯಾಗಿದ್ದವರು. “ಐದು ಏಟಿಗಿ ಒಂದು ತಪ್ಪಿದ್ರ ನನ್ನ ಕೈಯಾಗ ಬೆರಳು ಉಳೀತಿದ್ವೇನು? ತಗಿ ಅದನ್ನ. ಸಣ್ಣದಿರಲಿ, ತಪ್ಪಬಾರದು.”

ಔಟ್‌ರೇಜ್ ಏನೆಂದು ಕೇಳಿದರು. ಸಿಟ್ಟಿನ ಹೊಡೆತ. ಎರಡು ಮೂರು ಸರದಿ ನಿಲ್ಲಿಸದೆ ಬಡಿಯುತ್ತದೆ, ನಡುವೆ ಬೇರೆ ಏನೂ ಮಾಡಲಾಗದು, ಮುಗಿದ ಮೇಲೆ ಬಡಿದವನಿಗೇ ತಲೆ ಸುತ್ತುತ್ತದೆ. ಅಪ್ಪ ನನ್ನ ಕಡೆ ನೋಡಿದರು. “ಇದು ನಿಮ್ಮಪ್ಪಗ ಬರ್ತದ,” ಅಂದರು.

ಕಡೆಗೆ ಅರ್ಥ್‌ಕ್ವೇಕ್ ಒಂದೇ ಉಳಿಯಿತು. ತನ್ನದೇ ಜಾತಿಯ ಹೊಡೆತ ಹೊಡೆದರೆ ಬಲ ಒಂದೂವರೆ ಪಟ್ಟಾಗುತ್ತದೆ, ಅದಕ್ಕೇ ಅದು ಬೇಕು ಎಂದ ಮಗ. ಇದು ಅಪ್ಪನಿಗೆ ಬೇಗ ಹಿಡಿಸಿತು. ಆಫೀಸಿನ ಇಂಗ್ಲಿಷಿನಲ್ಲಿ ನಾನು ಬೈದರೆ ಯಾರೂ ತಿರುಗಿ ನೋಡುವುದಿಲ್ಲ, ಬೆಂಗಳೂರ ಕನ್ನಡದಲ್ಲಿ ಬೈದರೆ ಮಗ ನಗುತ್ತಾನೆ, ನಮ್ಮ ಚಿತ್ತಾಪುರದ ಮಾತಿನಲ್ಲಿ ಬೈದರೆ ಬೀದಿಯ ಬೆಕ್ಕೂ ಒಳಗೆ ಹೋಗುತ್ತದೆ. ಆದರೆ ಅರ್ಥ್‌ಕ್ವೇಕಿಗೆ ಒಂದು ಐಬಿದೆ. ಎದುರಿನ ಇಬ್ಬರಿಗಷ್ಟೇ ಅಲ್ಲ, ಪಕ್ಕದಲ್ಲಿ ನಿಂತ ನಮ್ಮವನಿಗೂ ಬೀಳುತ್ತದೆ. ಮಗ ಇದನ್ನು ಹೇಳುವ ಮೊದಲೇ ಅಪ್ಪ ಹೇಳಿದರು.

“ಭೂಕಂಪ ಅಂದ್ರ ಬಾಜೂ ಮನಿ ಬಿಡ್ತದೇನು? ಕಿಲ್ಲಾರಿದಾಗ ಆಗಿದ್ದಕ್ಕ ನಮ್ಮ ಮನಿ ಭಾಂಡಿ ಉರುಳಿದ್ವು.”

ಅದು 1993ರ ಸೆಪ್ಟೆಂಬರ್ 30ರ ನಸುಕು. ಲಾತೂರಿನ ಕಿಲ್ಲಾರಿ ನೆಲಸಮವಾದ ದಿನ ನಮ್ಮ ಕಡೆಯೂ ಜನ ಕಂಬಳಿ ಹೊದ್ದು ಬಯಲಿಗೆ ಬಂದು ಕೂತಿದ್ದರು. ಆಮೇಲೆ 2021ರಲ್ಲಿ ಚಿಂಚೋಳಿ ತಾಲೂಕಿನ ಗಡಿಕೇಶ್ವಾರದಲ್ಲಿ ನೆಲ ಗುಡುಗಿದಾಗಲೂ ಮಂದಿ ಮನೆಯೊಳಗೆ ಮಲಗಲಿಲ್ಲ. ಮಗನಿಗೆ ಇದು ಹೊಸ ಸುದ್ದಿ. ಅವನ ಆಟದಲ್ಲಿ ಭೂಕಂಪ ಗುಂಡಿ ಒತ್ತಿದರೆ ಬರುವಂಥದ್ದು.

ಮರುದಿನದಿಂದ ಅಪ್ಪ ಕೋಚ್ ಆದರು. ನಾನು ನಕ್ಕಾಗ ಅವರು ನಾಗಾವಿಯ ಹೆಸರು ತೆಗೆದರು. ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ 11ನೇ ಶತಮಾನದಲ್ಲೇ ಘಟಿಕಾಸ್ಥಾನವಿತ್ತು, ಅಂದರೆ ಆ ಕಾಲದ ದೊಡ್ಡ ವಿದ್ಯಾಕೇಂದ್ರ. ಪುಸ್ತಕ ನೋಡಿಕೊಳ್ಳುವ ಸರಸ್ವತೀ ಭಂಡಾರಿಗರೇ ಆರು ಜನ ಎಂದು ಶಾಸನ ಹೇಳುತ್ತದೆ. “ಆರು ಮಂದಿ ಟೀಮು ಅವಾಗೇ ಇತ್ತು,” ಎಂದು ಅಪ್ಪ ವಾದ ಮುಗಿಸಿದರು. ಇಂಥ ವಾದಕ್ಕೆ ನನ್ನ ಹತ್ತಿರ ಉತ್ತರವಿಲ್ಲ.

ಪಡೆಗೆ ಹೆಸರಿಡುವ ಕೆಲಸವೂ ಅವರದೇ. ಡ್ರ್ಯಾಗನ್ನು ಚಿತ್ತಾಪುರವಾಯಿತು. ಬಂದೊಡನೆ ಧೂಳೆಬ್ಬಿಸುವ ಟೈರಾನಿಟಾರ್ ಎಂಬ ಕಲ್ಲುದೇಹಿಗೆ ಬೇರೆ ಹೆಸರು ಹೊಂದುವುದೇ ಇಲ್ಲ. ಅದು ವಾಡಿ. ಆ ಧೂಳು ಪ್ರತಿ ಸರದಿಗೂ ಎಲ್ಲರ ಜೀವದ ಹದಿನಾರನೇ ಒಂದು ಪಾಲು ಕಡಿಯುತ್ತದೆ, ಕಲ್ಲು, ನೆಲ, ಉಕ್ಕಿನ ಜಾತಿಯವರಿಗೆ ಮಾತ್ರ ಏನೂ ಆಗುವುದಿಲ್ಲ. “ಖರೇ ಅದ. ಸಿಮೆಂಟ್ ಧೂಳಿಗಿ ಊರಾನವರು ಹೊಂದ್ಕೊಂಡಾರ, ಬೀಗರು ಬಂದ್ರ ಕೆಮ್ಮತಾರ.” ಬೆನ್ನ ಮೇಲೆ ಹೊಗೆಗೂಡು ಹೊತ್ತ ಟೋರ್‌ಕೋಲ್ ಎಂಬ ಆಮೆ ಬಂದರೆ ಸುಡು ಬಿಸಿಲು ಬೀಳುತ್ತದೆ. ಅದು ಸೇಡಂ, ಮೇ ತಿಂಗಳು, ಮಧ್ಯಾಹ್ನ ಎರಡು ಗಂಟೆ.

ಇಲ್ಲೊಂದು ತಂಟೆ ಎದ್ದಿತು. ಆಟದಲ್ಲಿ ಒಮ್ಮೆಗೆ ಒಂದೇ ಹವಾಮಾನ. ಧೂಳು ಬಂದರೆ ಬಿಸಿಲು ಹೋಗುತ್ತದೆ, ಬಿಸಿಲು ಬಂದರೆ ಧೂಳು ಹೋಗುತ್ತದೆ. ಅಪ್ಪ ಇದನ್ನು ಒಪ್ಪಲೇ ಇಲ್ಲ. “ನಮ್ಮ ಕಡಿ ಎರಡೂ ಕೂಡೇ ಇರ್ತಾವ. ಇದನ್ನ ಮಾಡ್ದವ್ರು ವಾಡಿಗಿ ಬಂದಿಲ್ಲ.” ವಾಡಿ, ಸೇಡಂ ಇಬ್ಬರನ್ನೂ ಒಂದೇ ಆಟಕ್ಕೆ ಇಳಿಸಬಾರದು ಎಂದು ಕಡೆಗೆ ಮುತ್ಯಾ, ಮೊಮ್ಮಗ ರಾಜಿಯಾದರು. ಆಟದ ನಡುವೆ ಒಬ್ಬನನ್ನು ಹಿಂದೆ ಕರೆದು ಇನ್ನೊಬ್ಬನನ್ನು ಬಿಡುವ ಉಪಾಯ ಮಾತ್ರ ಅಪ್ಪನಿಗೆ ಹೇಳಿಕೊಡಬೇಕಾಗಲಿಲ್ಲ. 1874ರಲ್ಲಿ ನಿಜಾಮರ ರೈಲು ಸಿಕಂದರಾಬಾದಿನಿಂದ ವಾಡಿಗೆ ಬಂದಂದಿನಿಂದ ನಮ್ಮ ಮಂದಿ ಮಾಡುತ್ತಿರುವುದು ಅದನ್ನೇ. ಇಳಿ, ಗಾಡಿ ಬದಲಿಸು, ಹತ್ತು.

ಶಹಾಬಾದಕ್ಕೆ ಗಾರ್ಗನಾಕಲ್ ಸಿಕ್ಕಿತು. ಉಪ್ಪಿನ ಕಲ್ಲಿನ ಗೋಪುರದಂಥ ಮೈ. ಅದರ ಸಾಲ್ಟ್ ಕ್ಯೂರ್ ನೋಡಲಿಕ್ಕೆ ಬಡವ, ಬಲ ಬರೀ 40. ಆದರೆ ಒಮ್ಮೆ ತಗುಲಿದರೆ ಸರದಿಗೆ ಎಂಟನೇ ಒಂದು ಪಾಲು ಜೀವ ಹೀರುತ್ತಾ ಹೋಗುತ್ತದೆ, ನೀರು ಮತ್ತು ಉಕ್ಕಿನ ಜಾತಿಗಾದರೆ ಕಾಲು ಪಾಲು. “ಮಾವಿನಕಾಯಿಗಿ ಉಪ್ಪು ಹಚ್ಚಿ ಫರಸಿ ಮ್ಯಾಲೆ ಒಣಗಿಸ್ದಂಗ,” ಎಂದು ಅಪ್ಪ ಖುಷಿಪಟ್ಟರು. ಚಿಂಚೋಳಿ ಎಂದರೆ ನಮ್ಮ ಬಿಸಿಲ ಸೀಮೆಯಲ್ಲಿ ಇರುವ ಒಂದು ಹಸಿರು ಕಾಡು, ವನ್ಯಧಾಮ. ಅದಕ್ಕೆ ಅಮೂಂಗಸ್ ಎಂಬ ಅಣಬೆ. ಅದರ ಸ್ಪೋರ್ ತಗುಲಿದವರು ನಿದ್ದೆ ಹೋಗುತ್ತಾರೆ, ಗುರಿ ತಪ್ಪುವುದೇ ಇಲ್ಲ, ಗಿಡದ ಜಾತಿಗೆ ಮಾತ್ರ ಹತ್ತುವುದಿಲ್ಲ. ಬಜ್ಜಿ, ರೊಟ್ಟಿ ಉಂಡ ಮೇಲೆ ಎಳ್ಳಮವಾಸ್ಯೆಯ ಹೊಲದಲ್ಲಿ ಆಗುವುದೂ ಇದೇ.

ನಾಲ್ಕರಲ್ಲಿ ಒಂದು ಪ್ರೊಟೆಕ್ಟ್ ಇರಲಿ ಎಂಬುದು ಅಪ್ಪನ ಹಟ. “ಎಲ್ಲಾ ಹೊಡ್ಯೋದೇ ಇಟ್ರ ತಪ್ಪಿಸ್ಕೊಳ್ಳೋದು ಯಾರು?” ಪ್ರೊಟೆಕ್ಟ್ ಹಾಕಿದ ಸರದಿಯಲ್ಲಿ ಯಾವ ಏಟೂ ತಗಲದು. ಆದರೆ ಬೆನ್ನಿಗೇ ಇನ್ನೊಮ್ಮೆ ಹಾಕಿದರೆ ಮೂರರಲ್ಲಿ ಒಂದು ಸಲ ಮಾತ್ರ ಫಲಿಸುತ್ತದೆ. ನನಗಿದು ಅನುಭವದಿಂದ ಗೊತ್ತು. ಹೆಂಡತಿ ಪಾತ್ರೆಯ ವಿಷಯ ಎತ್ತಿದಾಗ “ಮೀಟಿಂಗ್ ಇದೆ” ಎಂದರೆ ಮೊದಲ ಸಲ ನಡೆಯುತ್ತದೆ. ಎರಡನೇ ಸಲ ಅವಳು ಕ್ಯಾಲೆಂಡರ್ ತೆರೆದು ನೋಡುತ್ತಾಳೆ.

ಐದು ಊರಾಯಿತು, ಆರನೆಯ ಜಾಗ ಉಳಿಯಿತು. ಮಗನಿಗೆ ಇನ್ನೊಂದು ದೈತ್ಯ ಬೇಕಿತ್ತು. ಅಪ್ಪನ ಕಣ್ಣು ಪಟ್ಟಿಯ ಮೂಲೆಯಲ್ಲಿದ್ದ ಒಂದು ಅಳಿಲಿನ ಮೇಲೆ ಬಿತ್ತು. ಪಾಚಿರಿಸು. ಕೆನ್ನೆ ಹಳದಿ, ಬಾಲದವರೆಗೆ ನೀಲಿ ಪಟ್ಟೆ, ಬಲ ಇಲ್ಲ.

“ಅದನ್ನ ತಗೊಂಡ್ರೆ ಎಲ್ಲರೂ ನಗ್ತಾರೆ ಮುತ್ಯಾ.”

ಈ ಹಂತದಲ್ಲಿ ನಾನೂ ಬಾಯಿ ಹಾಕಿದೆ. ಅಷ್ಟು ಹೊತ್ತಿಗೆ ರಾತ್ರಿಯೆಲ್ಲ ಇದನ್ನೇ ಓದಿ ನನಗೂ ಹುಚ್ಚು ಹಿಡಿದಿತ್ತು. 2014ರಲ್ಲಿ ವಾಷಿಂಗ್ಟನ್ನಿನಲ್ಲಿ ವಿಶ್ವ ಚಾಂಪಿಯನ್‌ಶಿಪ್. ದಕ್ಷಿಣ ಕೊರಿಯಾದ ಪಾರ್ಕ್ ಸೆ-ಜುನ್ ದೊಡ್ಡವರ ವಿಭಾಗ ಗೆದ್ದದ್ದು ಇದೇ ಅಳಿಲನ್ನು ಪಡೆಯಲ್ಲಿಟ್ಟುಕೊಂಡು. ಅದರ ನಾಲ್ಕರಲ್ಲಿ ಕೊಲ್ಲುವ ಹೊಡೆತ ಒಂದೂ ಇಲ್ಲ. ನಜಲ್ ಕೆನ್ನೆ ತಿಕ್ಕಿ ಎದುರಾಳಿಯ ಕೈಕಾಲು ಹಿಡಿಸುತ್ತದೆ. ಸೂಪರ್ ಫ್ಯಾಂಗ್ ಎಷ್ಟೇ ದೊಡ್ಡವನಿರಲಿ, ಉಳಿದ ಜೀವದಲ್ಲಿ ಸರಿಯಾಗಿ ಅರ್ಧ ಕಚ್ಚುತ್ತದೆ. ಒಂದು ಪ್ರೊಟೆಕ್ಟ್. ನಾಲ್ಕನೆಯದು ಫಾಲೋ ಮಿ: ಎದುರಿನವರ ಏಟುಗಳನ್ನು ತನ್ನ ಮೈಮೇಲೆ ಎಳೆದುಕೊಂಡು ಪಕ್ಕದವನನ್ನು ಕಾಯುವುದು. ಒಬ್ಬರ ಏಟು ಇನ್ನೊಬ್ಬರು ತಿನ್ನುವ ಅಳಿಲು ಸೇವೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಇದಕ್ಕ ಆಯಿ ಅಂತ ಹೆಸರಿಡು,” ಅಂದರು.

ಆಯಿ ಅಂದರೆ ಅಜ್ಜಿ, ನನ್ನ ಅವ್ವ. ಅವಳು ಚಿತ್ತಾಪುರದಲ್ಲೇ ಉಳಿದಿದ್ದಳು, ಮೊಣಕಾಲು ನೋವು. ರಾತ್ರಿ ವಿಡಿಯೋ ಕರೆಯಲ್ಲಿ ಸುದ್ದಿ ತಿಳಿದು ಕೆರಳಿದಳು. “ಊರೆಲ್ಲ ದೊಡ್ಡ ದೊಡ್ಡ ಪ್ರಾಣಿ, ನಾ ಅಷ್ಟೇ ಅಳಿಲೇನು?” ಅಪ್ಪ ಪ್ರೊಟೆಕ್ಟ್ ಹಾಕಿದರು, ಅಂದರೆ ಫೋನು ಮೊಮ್ಮಗನ ಕೈಗೆ ಕೊಟ್ಟರು.

ಪಂದ್ಯದ ದಿನ ರೆಡಿಂಗಿನಲ್ಲಿ ಮಳೆ. ನಾಲ್ಕು ಸುತ್ತು. ಮೊದಲ ಸುತ್ತಿನ ಹುಡುಗ ಪೆಲಿಪ್ಪರ್ ಎಂಬ ಹಕ್ಕಿ ತಂದಿದ್ದ, ಅದು ಬಂದರೆ ಅಖಾಡದಲ್ಲೂ ಮಳೆ. ನಮ್ಮ ಕಡೆ ಸೇಡಂ. ಇಬ್ಬರೂ ಒಟ್ಟಿಗೇ ಇಳಿದರೆ ನಿಧಾನದವನ ಹವಾಮಾನ ಕೊನೆಗೆ ಉಳಿಯುತ್ತದೆ, ಏಕೆಂದರೆ ಅವನದು ಆಮೇಲೆ ಬೀಳುತ್ತದೆ. ಆಮೆಯ ವೇಗ 20. ಅದಕ್ಕಿಂತ ನಿಧಾನ ಹುಡುಕಬೇಕೆಂದರೆ ಕಷ್ಟ. ಮಳೆ ನಿಂತು ಸೇಡಂ ಬಿಸಿಲು ಬಿತ್ತು. ಬಿಸಿಲಿದ್ದರೆ ಸೋಲಾರ್ ಬೀಮ್‌ಗೂ ಒಂದು ಸರದಿ ಕಾಯಬೇಕಿಲ್ಲ. ಪೆಲಿಪ್ಪರ್ ಹೋಯಿತು. ಹೊರಗಿನ ಮಳೆ ಹಾಗೇ ಇತ್ತು. ಅಪ್ಪ ಕಿಟಕಿಯತ್ತ ನೋಡಿ, “ಅದಕ್ಕೂ ಏನರ ಮಾಡ್ಲಕ್ಕ ಬರ್ತದೇನು?” ಅಂದರು.

ಎರಡನೇ ಸುತ್ತೂ ಗೆದ್ದ. ಮೂರನೆಯದರಲ್ಲಿ ಸೋತದ್ದರ ಬಗ್ಗೆ ಹೇಳುವಂಥದ್ದೇನಿಲ್ಲ, ಚೆನ್ನಾಗಿ ಸೋತ.

ನಾಲ್ಕನೆಯದರಲ್ಲಿ ಎದುರಿಗೆ ಒಂಬತ್ತರ ಹುಡುಗಿ. ಕೊನೆಗೆ ಅವಳ ಕಡೆ ಎರಡು, ನಮ್ಮ ಕಡೆ ಚಿತ್ತಾಪುರ ಮತ್ತು ಆಯಿ. ಆಯಿ ಮೂರು ಸರದಿಯಿಂದ ಏಟು ತಿನ್ನುತ್ತಾ ನಿಂತಿದ್ದಳು, ಜೀವ ಅರ್ಧಕ್ಕೆ ಬಂದಿತ್ತು. ಮಗ ಫಾಲೋ ಮಿ ಒತ್ತಿದ, ಆಮೇಲೆ ಉತ್ಸಾಹದಲ್ಲಿ ಚಿತ್ತಾಪುರಕ್ಕೆ ಅರ್ಥ್‌ಕ್ವೇಕ್ ಒತ್ತಿದ. ಅಳಿಲು ವಿದ್ಯುತ್ತಿನ ಜಾತಿ. ನೆಲದ ಹೊಡೆತ ಅದಕ್ಕೆ ಎರಡು ಪಟ್ಟು. ಎದುರಿನ ಒಬ್ಬ ಬಿದ್ದ. ಪಕ್ಕದಲ್ಲಿ ಆಯಿಯೂ ಬಿದ್ದಳು. ಉಳಿದ ಇನ್ನೊಬ್ಬ ಬಂದು ಚಿತ್ತಾಪುರವನ್ನು ಮುಗಿಸಿದ.

ಬಸ್ಸಿನಲ್ಲಿ ಮೂವರೂ ಮಾತಿಲ್ಲದೆ ಕೂತಿದ್ದೆವು. ಎರಡು ನಿಲ್ದಾಣ ದಾಟಿದ ಮೇಲೆ ಅಪ್ಪ, “ಕಿಲ್ಲಾರಿ,” ಅಂದರು. ಇನ್ನೂ ಒಂದು ನಿಲ್ದಾಣ ದಾಟಿತು. “ಆಯಿಗಿ ಹೇಳಬ್ಯಾಡ.”

ಅಪ್ಪ ಊರಿಗೆ ಮರಳಿ ನಾಲ್ಕು ತಿಂಗಳಾಯಿತು. ಕಲ್ಲು ಇಲ್ಲೇ ಇದೆ. ಮಗ ಅದರ ಮೇಲೆ ಕೂತು ಆಡುತ್ತಾನೆ, ಹೆಂಡತಿ ಅದರ ಮೇಲೆ ಅಕ್ಕಿ ರೊಟ್ಟಿ ತಟ್ಟಿ ನೋಡಿದಳು, ಹಿಡಿದುಕೊಂಡಿತು. ಶೇಂಗಾ ಹಿಂಡಿ ಮಾತ್ರ ಮುಗಿದಿದೆ. ಸೇಡಂ, ಚಿತ್ತಾಪುರ, ವಾಡಿ ಕಡೆಯಿಂದ ಈ ತಿಂಗಳು ಲಂಡನ್ನಿಗೆ ಬರುವವರು ಯಾರಾದರೂ ಇದ್ದರೆ ದಯವಿಟ್ಟು ಎರಡು ಕಿಲೋ ಜಾಗ ಬಿಡಿ. ನಾಲ್ಕೇ ಸಾಮಾನು ಸಾಕು: ಹಿಂಡಿ, ಕಟಕ ರೊಟ್ಟಿ, ತೊಗರಿ ಬೇಳೆ, ನಾಲ್ಕನೆಯದು ನಿಮ್ಮಿಷ್ಟ. ಉಪ್ಪಿನಕಾಯಿ ಬೇಡ, ಸೋರುತ್ತದೆ. ಕಲ್ಲೂ ಬೇಡ.