ನೌಕಾಕರ್ಷಣ ಮೀಮಾಂಸೆ: ಪಿಕಪ್ ಟ್ರಕ್ಕಿನ ಆಯ್ಕೆಯಲ್ಲಿ ದ್ವೈತಾದ್ವೈತ ವಿಚಾರ

ಅಮೆರಿಕದಲ್ಲಿ ದೋಣಿ ಕೊಳ್ಳಲು ದುಡ್ಡಿದ್ದರೆ ಸಾಕು. ಅದನ್ನು ಎಳೆಯುವ ಪಿಕಪ್ ಕೊಳ್ಳಲು ಮಾತ್ರ ಶಾಸ್ತ್ರಾಧ್ಯಯನ ಬೇಕು. ನೀರಿನಲ್ಲಿರುವವರೆಗೆ ದೋಣಿಯ ಭಾರವನ್ನು ಕೆರೆ ಹೊರುತ್ತದೆ. ದೋಣಿ ದಡಕ್ಕೆ ಬಂದು ಟ್ರೇಲರ್ ಏರಿತೋ, ಆ ಭಾರ ಯಾರ ತಲೆಗೆ ಎಂಬ ಜಿಜ್ಞಾಸೆ ಹುಟ್ಟುತ್ತದೆ. ಹತ್ತು ಎಕರೆಗಿಂತ ದೊಡ್ಡ ಕೆರೆಗಳೇ 11,842 ಇರುವ ಮಿನೆಸೋಟದಲ್ಲಂತೂ ಬೇಸಿಗೆಯ ಶನಿವಾರಗಳಂದು ಈ ಜಿಜ್ಞಾಸೆ ಹೆದ್ದಾರಿಯಲ್ಲೇ ಸಾಗುತ್ತಿರುತ್ತದೆ.

ಇಲ್ಲಿ ಮತಗಳು ಮೂರು. ಅದ್ವೈತಿಗಳ ಪ್ರಕಾರ ಟ್ರಕ್ಕೂ ಟ್ರೇಲರೂ ಒಂದೇ, ಕೊಕ್ಕೆಯಲ್ಲಿ ಕಾಣುವ ಭೇದ ಬರೀ ಮಾಯೆ. ಎರಡೂ ಸೇರಿದ ತೂಕ ಜಿಸಿಡಬ್ಲ್ಯುಆರ್ ಎಂಬ ಮಿತಿಯನ್ನು ಮೀರದಿದ್ದರೆ ಮೋಕ್ಷ. ದ್ವೈತಿಗಳು ಇದನ್ನು ಖಂಡಿಸುತ್ತಾರೆ: ಟ್ರಕ್ಕಿಗೆ ಅದರದೇ ಮಿತಿ, ಟ್ರೇಲರಿಗೆ ಅದರದೇ ಮಿತಿ, ಬ್ರೇಕು ಕೂಡ ಬೇರೆ ಬೇರೆ. ವಿಶಿಷ್ಟಾದ್ವೈತಿಗಳು ಹಿಡಿಯುವುದು ಟಂಗ್ ವೇಯ್ಟನ್ನು. ಟ್ರೇಲರಿನ ಮೂತಿ ಕೊಕ್ಕೆಯ ಮೇಲೆ ಒರಗಿಸುವ ಈ ಭಾರ ಟ್ರೇಲರಿನದೇ ಆದರೂ ಟ್ರಕ್ಕಿನ ಶರೀರಕ್ಕೆ ಸೇರಿದ್ದು ಎಂಬುದು ಅವರ ವಾದ. ಪ್ರಬಂಧಕಾರನ ಒಲವು ಇವರ ಕಡೆಗೆ. ಗೆಲ್ಲಬೇಕಾದರೆ ಮೊದಲು ಜಾಹೀರಾತುಗಾರನೆಂಬ ಪೂರ್ವಪಕ್ಷಿಯನ್ನು ಸೋಲಿಸಬೇಕು.

ಅವನ ಬತ್ತಳಿಕೆಯಲ್ಲಿ ಒಂದು ಬ್ರಹ್ಮಾಸ್ತ್ರವಿದೆ. 2012ರ ಅಕ್ಟೋಬರಿನಲ್ಲಿ ಲಾಸ್ ಏಂಜಲಿಸಿನ ಸೇತುವೆಯೊಂದರ ಮೇಲೆ ಎಂಡೆವರ್ ಬಾಹ್ಯಾಕಾಶ ನೌಕೆಯನ್ನು ಒಂದು ಟೊಯೋಟಾ ಟಂಡ್ರಾ ಎಳೆದು ದಾಟಿಸಿತು. ಕೆಳಗಿನ ಗಾಲಿಬಂಡಿಯೂ ಸೇರಿ ತೂಕ ಸುಮಾರು 1,32,000 ಕೆ.ಜಿ. ಆ ನೌಕೆಗೆ ಕ್ಯಾಪ್ಟನ್ ಕುಕ್‌ನ ಹಡಗಿನ ಹೆಸರು. ಹೆಸರು ಹಡಗಿನದಾದ ಮೇಲೆ ಅದೂ ಹಡಗೇ. ಹಡಗನ್ನೇ ಎಳೆದ ಪಿಕಪ್ಪಿಗೆ ದೋಣಿ ಯಾವ ಲೆಕ್ಕ, ಎಂಬುದು ಪೂರ್ವಪಕ್ಷ. ಸಮಾಧಾನ ಹೀಗೆ: ಹಾದಿ ಹೆಚ್ಚುಕಡಿಮೆ ಸಮತಟ್ಟು, ದೂರ ಕೆಲವು ನೂರು ಮೀಟರ್, ವೇಗ ಮೆರವಣಿಗೆಯದು, ಭಾರವೆಲ್ಲ ನೌಕೆಯ ಕೆಳಗಿನ ಗಾಲಿಗಳ ಮೇಲೆ. ಅಲ್ಲಿ ಟ್ರಕ್ಕು ಎಳೆಯಿತೇ ಹೊರತು ಹೊರಲಿಲ್ಲ. ಹೆದ್ದಾರಿಯ ಓಟದಲ್ಲಿ ಗಕ್ಕನೆ ನಿಲ್ಲಿಸುವ ಪ್ರಮೇಯವಂತೂ ಬರಲೇ ಇಲ್ಲ.

ಒಂದು ಕಾಲಕ್ಕೆ ಪ್ರತಿ ಕಂಪನಿಯೂ ತನ್ನ ಟ್ರಕ್ಕಿನ ಎಳೆಯುವ ಶಕ್ತಿಯನ್ನು ತಾನೇ ಅಳೆದು ತಾನೇ ಘೋಷಿಸಿಕೊಳ್ಳುತ್ತಿತ್ತು. ಆಮೇಲೆ ಎಲ್ಲರಿಗೂ ಒಂದೇ ಅಳತೆಗೋಲಾಗಿ ಎಸ್‌ಎಇ ಜೆ2807 ಎಂಬ ಸ್ಮೃತಿ ರಚನೆಯಾಯಿತು. 2011ರ ಮಾದರಿಗಳೊಂದಿಗೆ ಅದಕ್ಕೆ ಮೊದಲು ತಲೆಬಾಗಿದ್ದು ಟೊಯೋಟಾ. ಡೆಟ್ರಾಯಿಟಿನ ದೊಡ್ಡ ಮಠಗಳು ಕೆಲವು ವರ್ಷ ಮೀನಮೇಷ ಎಣಿಸಿ ಆಮೇಲೆ ಬಂದವು. ಈ ಸ್ಮೃತಿಯ ಅಗ್ನಿಪರೀಕ್ಷೆ ಅರಿಜೋನದ ಡೇವಿಸ್ ಅಣೆಕಟ್ಟಿನ ಹತ್ತಿರದ ಸುಮಾರು 18 ಕಿ.ಮೀ. ಏರುದಾರಿ. ಹೊರಗೆ 38 ಡಿಗ್ರಿಗೆ ಕಡಿಮೆಯಿಲ್ಲದ ಬಿಸಿಲು, ಒಳಗೆ ಎಸಿ ಪೂರ್ತಿ, ಹಿಂದೆ ಟ್ರೇಲರ್. ಮಾಮೂಲಿ ಪಿಕಪ್ಪಿನ ವೇಗ ಗಂಟೆಗೆ 64 ಕಿ.ಮೀ.ಗಿಂತ ಕೆಳಗಿಳಿಯಕೂಡದು. ಪರೀಕ್ಷೆ ಘನವಾದದ್ದೇ. ಆದರೆ ಅದು ಟ್ರಕ್ಕಿನೊಳಗೆ ಕೂರಿಸುವುದು ತಲಾ 68 ಕೆ.ಜಿ.ಯ ಇಬ್ಬರನ್ನು ಮಾತ್ರ. ಮಕ್ಕಳಿಲ್ಲ, ಅತ್ತೆಯಿಲ್ಲ, ನಾಯಿಯಿಲ್ಲ. ಇಂಥ ಸಂಸಾರ ಯಾವ ಕೆರೆಗೆ ಹೊರಟಿತ್ತು ಎಂಬ ಬಗ್ಗೆ ಸ್ಮೃತಿಕಾರರು ಮೌನ.

ಆದಕಾರಣ ಜಾಹೀರಾತಿನ ದಪ್ಪಕ್ಷರಕ್ಕಿಂತ ಬಲವಾದ ಪ್ರಮಾಣ ಚಾಲಕನ ಬಾಗಿಲ ಚೌಕಟ್ಟಿಗೆ ಅಂಟಿಸಿದ ಹಳದಿ-ಬಿಳಿ ಚೀಟಿ. ಜನ, ಸಾಮಾನು ಸೇರಿ ಇಷ್ಟನ್ನು ಮೀರಬಾರದು ಎಂದು ಅದು ಆಯಾ ಟ್ರಕ್ಕಿಗೇ ಹೇಳುತ್ತದೆ. ಒಂದೇ ಮಾದರಿಯ ಎರಡು ಟ್ರಕ್ಕುಗಳ ಚೀಟಿಗಳೂ ಬೇರೆ ಇರಬಹುದು: ಚರ್ಮದ ಸೀಟು, ಗಾಜಿನ ಚಾವಣಿ ಎಂದು ವೈಭೋಗ ಏರಿದಷ್ಟೂ ಹೊರುವ ಶಕ್ತಿ ಇಳಿಯುತ್ತದೆ.

ಉದಾಹರಣೆಗೆ ಒಂದು ಮಧ್ಯಮ ಗಾತ್ರದ ದೋಣಿ. ಎಂಜಿನ್ ಸೇರಿ 1,800 ಕೆ.ಜಿ., ಟ್ರೇಲರ್ 500. ಅಂಗಡಿಯವನು ಹೇಳುವ ‘ಒಣ ತೂಕ’ದಲ್ಲಿ ಇಂಧನ ಸೇರಿರುವುದಿಲ್ಲ, 225 ಲೀಟರ್ ಪೆಟ್ರೋಲಿಗೆ ಇನ್ನೊಂದು 165. ಬ್ಯಾಟರಿ, ಲಂಗರು, ಲೈಫ್ ಜಾಕೆಟ್, ಗಾಳದ ಸರಂಜಾಮು 135. ಒಟ್ಟು 2,600. ನಾಲ್ಕೂವರೆ ಟನ್ ಎಳೆಯುತ್ತೇನೆಂದು ಬೀಗುವ ಟ್ರಕ್ಕಿಗೆ ಇದು ಹುಲ್ಲುಕಡ್ಡಿ ಎಂದು ಅದ್ವೈತಿ ನಗುತ್ತಾನೆ. ಶೇ. 10ರಂತೆ ಟಂಗ್ ವೇಯ್ಟ್ 260. ಚೀಟಿಯಲ್ಲಿ 680 ಎಂದಿದ್ದರೆ ಉಳಿದದ್ದು 420. ತಲಾ 75ರಂತೆ ಐವರು ಕುಳಿತರೆ 45. ಅಷ್ಟರೊಳಗೆ ಕೊಕ್ಕೆಯ ಕಬ್ಬಿಣ, ಐಸ್ ಪೆಟ್ಟಿಗೆ, ನಾಯಿ. ಎಳೆಯುವ ಶಕ್ತಿ ಇನ್ನೂ ಸುಮಾರು ಎರಡು ಟನ್ ಮಿಕ್ಕಿರುವಾಗಲೇ ಹೊರುವ ಶಕ್ತಿ ಮುಗಿಯಿತು. ವಿಶಿಷ್ಟಾದ್ವೈತ ಗೆದ್ದಿತು, ಸೋಲು ನಾಯಿಯದು. ಮೂತಿಯ ಭಾರವನ್ನೇ ಇಳಿಸೋಣವೆಂದು ಸಾಮಾನನ್ನು ದೋಣಿಯ ಹಿಂಬದಿಗೆ ತಳ್ಳುವ ಜಾಣರೂ ಇದ್ದಾರೆ. ಅದು ಅತಿಯಾದರೆ ಟ್ರೇಲರ್ ಹೆದ್ದಾರಿಯಲ್ಲಿ ಬಾಲ ಬೀಸತೊಡಗಿ ಟ್ರಕ್ಕನ್ನೂ ಅಲ್ಲಾಡಿಸುತ್ತದೆ.

ಪ್ರಸಂಗವಶಾತ್ ಕುಕ್ಕುಟ ಪ್ರಕರಣ. ಅಮೆರಿಕದ ಕೋಳಿಗಳ ಮೇಲೆ ಯುರೋಪು ಸುಂಕ ಹೇರಿದ ಸಿಟ್ಟಿಗೆ ಅಧ್ಯಕ್ಷ ಲಿಂಡನ್ ಜಾನ್ಸನ್ ಹೊರಗಿನ ಬ್ರಾಂದಿ, ಆಲೂಗಡ್ಡೆ ಪಿಷ್ಟ ಮುಂತಾದವುಗಳ ಜೊತೆ ಹಗುರ ಟ್ರಕ್ಕುಗಳ ಮೇಲೂ ಶೇ. 25 ಸುಂಕ ಹಾಕಿದರು. 1964ರಲ್ಲಿ ಅದು ಜಾರಿಗೆ ಬಂತು. ಉಳಿದವಕ್ಕೆ ಮುಂದೆ ವಿನಾಯಿತಿ ಸಿಕ್ಕಿತು, ಟ್ರಕ್ಕಿಗೆ ಸಿಗಲಿಲ್ಲ. ಟಂಡ್ರಾ ಟೆಕ್ಸಸಿನಲ್ಲಿ ತಯಾರಾಗುವುದಕ್ಕೂ, ದೋಣಿಯ ಒಡೆಯ ಫೋರ್ಡ್, ಷೆವರ್ಲೆ, ರ‍್ಯಾಮ್‌ಗಳ ಸುತ್ತಲೇ ಪ್ರದಕ್ಷಿಣೆ ಹಾಕುವುದಕ್ಕೂ ಹಿಂದೆ ಒಂದು ಕೋಳಿಯಿದೆ.

ಇನ್ನುಳಿದದ್ದು ಪ್ರತ್ಯಕ್ಷ ಪ್ರಮಾಣ, ಅಂದರೆ ದೋಣಿ ಇಳಿಸುವ ಇಳಿಜಾರು. ಸಾಮಾನ್ಯವಾಗಿ ನೂರು ಅಡಿಗೆ 12ರಿಂದ 15 ಅಡಿ ಇಳಿಯುವ, ನೀರಿನಂಚಿನಲ್ಲಿ ಪಾಚಿಗಟ್ಟಿದ ಕಾಂಕ್ರೀಟು. ತೊಯ್ದ ದೋಣಿಯನ್ನು ಮೇಲೆಳೆಯುವಾಗ ಟ್ರಕ್ಕಿನ ಹಿಂದಿನ ಚಕ್ರಗಳು ನಿಂತಿರುವುದು ಆ ಪಾಚಿಯ ಮೇಲೇ. ಮುನ್ನೂರು ಅಶ್ವಶಕ್ತಿಯಿದ್ದರೂ ಹಿಂದಿನ ಎರಡೇ ಚಕ್ರ ತಿರುಗುವ ಟ್ರಕ್ಕು ಇಲ್ಲಿ ಗಿರ‍್ರನೆ ಸುತ್ತುತ್ತ ನಿಂತುಬಿಡಬಹುದು. ನಾಲ್ಕು ಚಕ್ರಕ್ಕೂ ಬಲ ಕೊಡುವ ಟ್ರಕ್ಕಿಗೆ ಹೆಚ್ಚು ದುಡ್ಡು ತೆತ್ತದ್ದು ಸಾರ್ಥಕವಾಗುವುದು ಈ ಕೆಲವೇ ಅಡಿಗಳಲ್ಲಿ.

ಮಿನೆಸೋಟದ ಕಾನೂನು ಇಲ್ಲಿ ಒಂದು ಧರ್ಮಸಂಕಟವನ್ನೂ ಒಡ್ಡುತ್ತದೆ. ಕೆರೆಯಿಂದ ಕೆರೆಗೆ ಜೀಬ್ರಾ ಮಸೆಲ್‌ನಂಥ ಪರಕೀಯ ಜೀವಿಗಳು ಸಾಗದಂತೆ, ರಸ್ತೆಯಲ್ಲಿ ಹೋಗುವಾಗ ದೋಣಿಯ ನೀರು ಬಸಿಯುವ ತೂತಿನ ಬೂಚು ಬಿಚ್ಚಿರಲೇಬೇಕು. ನೀರಿಗಿಳಿಸುವ ಮುನ್ನ ಅದನ್ನು ಹಾಕಿರಲೇಬೇಕು. ಮರೆತವನ ದೋಣಿಯೊಳಗೆ ಕೆರೆ ಬರುತ್ತದೆ. ಸಾವಿರ ಲೀಟರಿಗೆ ಒಂದು ಟನ್ನಿನಂತೆ ಲೆಕ್ಕವನ್ನು ಮೊದಲಿನಿಂದ ಹಾಕಬೇಕಾಗುತ್ತದೆ, ಅದೂ ತಮ್ಮ ಸರದಿಗಾಗಿ ಕಾದವರ ಹಾರ್ನ್ ಕೇಳಿಸಿಕೊಳ್ಳುತ್ತ.