ದಾಮಿನಿ ಮಾವ

ವೈಶಾಖದ ಮಧ್ಯಾಹ್ನ ಘಟ್ಟದ ಕಡೆ ಮೋಡ ಕಪ್ಪಿಟ್ಟಿತೆಂದರೆ ಹಳದೀಪುರದಲ್ಲಿ ಎಲ್ಲರೂ ಒಳಗೆ ಓಡುತ್ತಾರೆ, ದಾಮಿನಿ ಮಾವನೊಬ್ಬರು ಹೊರಗೆ. ಕೊರಳಲ್ಲಿ ಕ್ಯಾಮೆರಾ, ಅದಕ್ಕೊಂದು ಪ್ಲಾಸ್ಟಿಕ್ ಕೊಟ್ಟೆಯ ಅಂಗಿ, ಕೈಯಲ್ಲಿ ಮೊಬೈಲು. 'ದಾಮಿನಿ' ಪುಣೆಯ ಹವಾಮಾನ ವಿಜ್ಞಾನಿಗಳು ಮಾಡಿದ ಆಪ್. ಹತ್ತಿರದಲ್ಲೆಲ್ಲೋ ಸಿಡಿಲು ಬಡಿದರೆ ತಿಳಿಸುತ್ತದೆ, ಗದ್ದೆಯಲ್ಲಿದ್ದವರು ಮನೆ ಸೇರಲಿ ಎಂದು. ಅದನ್ನು ನೋಡಿ ಮನೆ ಬಿಡುವವರು ದೇಶದಲ್ಲೇ ಇವರೊಬ್ಬರಿರಬೇಕು.

ಆ ಆಪ್‌ನಲ್ಲಿ ಕಾಣುವುದು ಆಗಲೇ ಬಿದ್ದ ಸಿಡಿಲಿನ ಚುಕ್ಕಿ. ಮಾವನ ಸ್ಕೂಟರ್ ಅಲ್ಲಿಗೇ ಹೊರಡುತ್ತದೆ. ಹೊರಡುವುದೂ ಸಲೀಸಲ್ಲ: ಚಹಾ ಆಗಬೇಕು, ಕನ್ನಡಕ ಸಿಗಬೇಕು, ಹೊನ್ನಾವರದಲ್ಲಿ ಪೆಟ್ರೋಲ್ ಹಾಕಿಸಬೇಕು. ಕವಲಕ್ಕಿಯಲ್ಲಿ ರಸ್ತೆ ಒದ್ದೆ, ಮಾವನಿಗೆ ಹುರುಪು. ಉಪ್ಪೋಣಿಯಲ್ಲಿ ಚರಂಡಿ ತುಂಬ ಕೆಂಪು ನೀರು, ಎಕ್ಸಿಲರೇಟರ್ ಇನ್ನಷ್ಟು ತಿರುಗುತ್ತದೆ. ಗೇರುಸೊಪ್ಪೆ ಮುಟ್ಟುವಾಗ ಶರಾವತಿಯ ಮೇಲೆ ಬಿಸಿಲು!

"ಈಗ ಬಂದ್ರಾ? ಕಾಲು ತಾಸು ಮುಂಚೆ ಬರೂಕಾಗ್ಲಿಲ್ವ? ಆ ತೆಂಗಿನಮರಕ್ಕೇ ಹೊಡೀತು ಮಾರಾಯ್ರೆ!" ಎನ್ನುತ್ತಾನೆ ಚಹಾದಂಗಡಿಯವ. ಮಾವ ತೆಂಗಿನಮರದ ಫೋಟೋ ತೆಗೆಯುತ್ತಾರೆ. ಸುಟ್ಟ ಮರ, ಹಾರಿಹೋದ ತಗಡು, ಕರಟಿದ ಮೀಟರ್ ಬೋರ್ಡು ಇವುಗಳ ಒಳ್ಳೆಯ ಸಂಗ್ರಹ ಅವರಲ್ಲಿದೆ. ಯಕ್ಷಗಾನದ ಆಟಕ್ಕೆ ಹೋದರೂ ಅವರು ಮುಟ್ಟುವುದು ಮಂಗಳದ ಹೊತ್ತಿಗೇ.

ಶಾಸ್ತ್ರ ಮಾತ್ರ ಬಾಯಿಪಾಠ. ಮಿಂಚಿದ 3 ಸೆಕೆಂಡಿಗೆ ಗುಡುಗಿದರೆ ಸಿಡಿಲು 1 ಕಿಲೋಮೀಟರ್ ದೂರ. ಒಂಟಿ ಗುಡುಗುಮೋಡದ ಆಯುಷ್ಯ ಹೆಚ್ಚೆಂದರೆ ತಾಸು. ಸಾಯುವ ಮೋಡ ಕೆಳಗೆ ದೂಡಿದ ತಣ್ಣನೆಯ ಗಾಳಿ ನೆಲದಗುಂಟ ಓಡಿ, ಬೇರೆಲ್ಲೋ ಬಿಸಿ ಗಾಳಿಯನ್ನು ಮೇಲೆತ್ತಿ ಹೊಸ ಮೋಡ ಕಟ್ಟುತ್ತದೆ. ಗೇರುಸೊಪ್ಪೆಯಲ್ಲಿ ಅವರು ಇದನ್ನೆಲ್ಲ ವಿವರಿಸುತ್ತಿರುವಾಗಲೇ ಹಳದೀಪುರದ ನೆತ್ತಿಯ ಮೇಲೆ ಹೊಸದೊಂದು ಕಟ್ಟಿರುತ್ತದೆ.

ಅದನ್ನು ನೋಡುವವರು ಅತ್ತೆ. ಅಂಗಳದಲ್ಲಿ ಹಲಸಿನ ಹಪ್ಪಳದ ಚಾಪೆ ಎಳೆಯುತ್ತ, ಟೀವಿಯ ಪ್ಲಗ್ಗು ಕೀಳುತ್ತ, ಊರಿನ ಅಷ್ಟೂ ಸಿಡಿಲನ್ನು ಅವರು ಪುಕ್ಕಟೆ ನೋಡಿದ್ದಾರೆ. ಸಂಜೆ ಒಂದು ಹನಿಯೂ ತಾಗದ ಕ್ಯಾಮೆರಾ ಹಿಡಿದು ಬರುವ ಮಾವ ಜಗಲಿಯಲ್ಲೇ ಕೇಳುತ್ತಾರೆ: "ಎಷ್ಟು ಕವಲಿತ್ತು? ಬಣ್ಣ ಹೆಂಗಿತ್ತು?"

"ಐದೋ ಆರೋ. ನೀಲಿ. ಮೊದ್ಲು ಆ ಚಾಪೆಯ ಇನ್ನೊಂದು ತುದಿ ಹಿಡೀರಿ."

ತಡವಾಗುವುದೇ ಲೇಸೆಂಬ ಪಕ್ಷ ನನ್ನದು. ಬಯಲಿನಲ್ಲಿ ಸ್ಕೂಟರ್ ಮೇಲಿರುವ ಮನುಷ್ಯನಿಗೆ ಸಿಡಿಲು ಹೊತ್ತಿಗೆ ಸರಿಯಾಗಿ ಸಿಕ್ಕಿಬಿಟ್ಟರೆ, ಫೋಟೋಕ್ಕೆ ಹಾರ ಹಾಕುವ ಕೆಲಸ ನಮ್ಮ ಪಾಲಿಗೆ ಬರುತ್ತದೆ.

ಮೊನ್ನೆ ಬೆಳಿಗ್ಗೆ ಅಂಗಡಿಕಟ್ಟೆಯಲ್ಲಿ ಅತ್ತೆಯ ಸಿಡಿಲು ಮಾವನ ಬಾಯಲ್ಲಿ ಎಂಟು ಕವಲೊಡೆದು ಅವರ ಕಣ್ಣೆದುರೇ ಬಿತ್ತು. "ಹಾಗಾದ್ರೆ ಫೋಟೋ ತೋರ್ಸಿ ಮಾವ," ಎಂದ ಒಬ್ಬ ಹುಡುಗ.

"ಫೋಟೋ ತೆಗೆಯೂಕೆ ಕೈ ಬಿಡುವಿರಬೇಕಲ ತಮಾ," ಎಂದರು ಮಾವ, "ನಾ ಹಪ್ಪಳ ಒಳಗೆ ಹಾಕ್ತಾ ಇದ್ದೆ."